ನೈರೋಬಿಯ ಜೋಳಿಗೆ

ರಾಮದುರ್ಗದ ಮಠದಿಂದ ಸಿದ್ಧಾರೂಢನಿಗೆ ಕರೆ ಬಂದಾಗ, ಅಲ್ಲಿಯ ಸ್ವಾಮಿಗಳಾದ ಅಜ್ಜಾರು ಅವನನ್ನು ಮತ್ತೆ ಆಫ್ರಿಕಾಕ್ಕೆ ಕಳಿಸುತ್ತಾರೆಂದೇ ಸುರೇಬಾನದ ಓಣಿಯವರೆಲ್ಲ ತಿಳಿದರು. ಎದುರು ಮನೆಯ ಇಂದ್ರವ್ವ, ಈ ಸಲ ಅಲ್ಲೇ ಒಂದು ಕನ್ಯೆ ನೋಡಿಕೋ, ಲಗ್ನದ ನೆವದಲ್ಲಿ ನಾವೂ ವಿಮಾನ ಹತ್ತುತ್ತೇವೆ ಎಂದು ಚಾಷ್ಟಿ ಮಾಡಿದಳು. ಅವನ ತಾಯಿ ಗುರುಬಸವ್ವ ಮಾತ್ರ ನಗಲಿಲ್ಲ. ಮಗ ಊರಲ್ಲೇ ಉಳಿಯಲೆಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ರೊಟ್ಟಿ ಗಂಟು ಕಟ್ಟಿಕೊಂಡು ಅವನ ಜೊತೆಗೇ ಬಸ್ಸು ಹತ್ತಿದಳು.

ಸಿದ್ಧಾರೂಢನ ಜೀವವೆಲ್ಲ ನೈರೋಬಿಯಲ್ಲಿತ್ತು. ಅಲ್ಲಿ ನೆಲೆಸಿದ ಕನ್ನಡದ ಶರಣ ಕುಟುಂಬಗಳು ತಮ್ಮ ಮಕ್ಕಳಿಗೆ ಲಿಂಗಪೂಜೆ, ವಚನ ಕಲಿಸಲು ಒಬ್ಬ ಜಂಗಮನನ್ನು ಕಳಿಸಿಕೊಡಿ ಎಂದು ಕೇಳಿದಾಗ ಅಜ್ಜಾರು ಆರಿಸಿದ್ದು ಅವನನ್ನು. ತಗಡಿನ ಮಾಡಿನ ಒಂದು ಕೋಣೆ, ನಸುಕಿನ ಚಳಿ, ಹೊರಗೆ ಗಿರಾಕಿಗಳನ್ನು ಕೂಗಿ ಕರೆಯುವ ವ್ಯಾನುಗಳು. ಸಂಜೆ ಸಾಲಿ ಬಿಟ್ಟ ಮಕ್ಕಳು ಸಮವಸ್ತ್ರದಲ್ಲೇ ಬಂದು ಕೂತು, ಮೂಗಿನಲ್ಲಿ ಕನ್ನಡ ಮಾತಾಡುತ್ತ ವಚನಗಳನ್ನು ಬಾಯಿಪಾಠ ಮಾಡುತ್ತಿದ್ದವು. ಒಬ್ಬ ಹುಡುಗಿ ಅರ್ಥ ಕೇಳಿ ಅವನನ್ನು ತಬ್ಬಿಬ್ಬು ಮಾಡುತ್ತಿದ್ದಳು. ಜಡ್ಡಾದವರಿದ್ದರೆ ಹೋಗಿ ಹಾಸಿಗೆಯ ಪಕ್ಕ ಕೂತು, ಅವರಿಗೆ ಬೇಕಾದಷ್ಟು ಹೊತ್ತು ಹಾಡಿ ಬರುತ್ತಿದ್ದ.

ಸೋಮವಾರ ಭಿಕ್ಷೆಯ ದಿನ. ಬಂದ ಹಿಟ್ಟಿನಲ್ಲೇ ರೊಟ್ಟಿ ಬಡಿದು ಮಧ್ಯಾಹ್ನ ದಾಸೋಹ. ಅವನ ಮನೆತನದಲ್ಲಿ ಮುತ್ತಾತನ ಕಾಲದಿಂದ ಬಂದ ನಡೆ ಒಂದಿತ್ತು: ಓಣಿ ಹೊಕ್ಕ ಜಂಗಮ ಒಂದು ಬಾಗಿಲನ್ನೂ ಬಿಟ್ಟು ದಾಟಬಾರದು. ಬಿಟ್ಟರೆ ಆ ಮನೆಯವರನ್ನು ಓಣಿಯಿಂದ ಹೊರಗಿಟ್ಟಂತೆ. ನೈರೋಬಿಯ ಆ ಸಾಲಿನಲ್ಲಿ ಎರಡು ಕನ್ನಡದ ಮನೆಗಳ ನಡುವೆ ವಾಂಜಿರು ಎಂಬ ಆ ನಾಡಿನ ಹೆಂಗಸಿನ ಮನೆಯಿತ್ತು. ಮೊದಲ ಸೋಮವಾರ ಅವನ ಕಾಲು ತಾನಾಗಿಯೇ ಅಲ್ಲಿ ನಿಂತಿತು. ಕೈಯಲ್ಲಿದ್ದ ಗಂಟೆ ಅಲುಗಿತು. ಅವಳು ಕಾವಿಯನ್ನೂ ಜೋಳಿಗೆಯನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಬೋಗುಣಿ ತುಂಬ ಬಿಳಿ ಗೋವಿನಜೋಳದ ಹಿಟ್ಟು ತಂದು ಸುರಿದಳು. ಮುಂದಿನ ವಾರದಿಂದ ಗಂಟೆಯ ಸದ್ದಿಗೆ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಬಳಗದ ಹಿರಿಯ, ಬೈಲಹೊಂಗಲ ಮೂಲದ ವ್ಯಾಪಾರಿ ಅಂದಾನೆಪ್ಪನಿಗೆ ಇದು ತಿಳಿದದ್ದು ತಡವಾಗಿ. ಅವಳ ಮನೆಯಲ್ಲಿ ಏನೇನು ಬೇಯುತ್ತದೋ, ಆ ಹಿಟ್ಟನ್ನು ನಮ್ಮ ಹಿಟ್ಟಿನಲ್ಲಿ ಬೆರೆಸುವುದೇ ಎಂದು ಕೇಳಿದ. ಜೋಳಿಗೆಗೆ ಬಿದ್ದ ಮೇಲೆ ಯಾವ ಮನೆಯದೆಂದು ಹೆಸರಿಲ್ಲ ಎಂದ ಸಿದ್ಧಾರೂಢ. ಆ ಸೋಮವಾರ ಕೆಲವರು ಉಣ್ಣದೆ ಎದ್ದುಹೋದರು. ಅವನ ಅವಧಿ ಮುಗಿದು ಊರಿಗೆ ಬರುವಷ್ಟರಲ್ಲಿ ಮಠಕ್ಕೆ ಅಂದಾನೆಪ್ಪನ ಫೋನು ಬಂದಿತ್ತು.

ಈಗ ಮಠದಲ್ಲಿ ಅಜ್ಜಾರು ಅದನ್ನೇ ಎತ್ತಿದರು. ಮಕ್ಕಳು ಇವನೇ ಬೇಕೆನ್ನುತ್ತಿವೆ, ಇವನು ಒಂದು ಮಾತು ಕೊಟ್ಟರೆ ಕರೆಸಿಕೊಳ್ಳುತ್ತೇವೆ ಎಂದು ಹಿರಿಯರು ಅನ್ನುತ್ತಾರೆ ಎಂದು ಹೇಳಿ, ಅವನ ಮುಖ ನೋಡಿದರು.

"ಆ ಹೆಣ್ಮಗಳ ಮನಿ ಒಂದು ಬಿಟ್ಟು ಹೋಗ್ತಿಯೇನಪಾ? ಹೂಂ ಅಂದ್ರ ಮುಂದಿನ ತಿಂಗಳೇ ಹೊಂಡು."

ಹೂಂ ಎನ್ನುವುದು ಎಷ್ಟು ಸಲೀಸು. ಅರ್ಥ ಕೇಳುವ ಹುಡುಗಿ, ತಗಡಿನ ಮೇಲೆ ಬೀಳುವ ನಸುಕಿನ ಮಂಜು, ಎಲ್ಲ ಆ ಒಂದು ಅಕ್ಷರದ ಆಚೆಗಿತ್ತು.

"ಆಗಂಗಿಲ್ರಿ ಅಜ್ಜಾರ. ಆಕಿ ಬಾಗಲದಾಗ ನಿಂತಿರತಾಳ. ಹೆಂಗ ದಾಟಿ ಹೋಗಲಿ?"

ಅಜ್ಜಾರು ಸಿಟ್ಟಾಗಲಿಲ್ಲ. ನಿನ್ನ ಮಾತು ಸುಳ್ಳಲ್ಲ, ಆದರೆ ಕರೆಯುವವರು ಅವರು ಎಂದಷ್ಟೇ ಹೇಳಿ, ಸವದತ್ತಿ ಕಡೆಯ ಬಾಳೇಶನನ್ನು ಕಳಿಸುವುದಾಗಿ ತಿಳಿಸಿ ವಿಭೂತಿ ಹಚ್ಚಿದರು.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗುರುಬಸವ್ವ ಏನಾಯಿತೆಂದು ಕೇಳಿದಳು. ಹೋಗುವುದಿಲ್ಲ ಎಂದ. ಬೇಡಿದ್ದು ಸಿಕ್ಕಿತೆಂದು ಅವಳು ಹಿಗ್ಗಬೇಕಿತ್ತು. ಮಗನ ಮುಖ ನೋಡಿ ದೇವರಿಗೆ ಕೈ ಮುಗಿಯುವುದನ್ನೇ ಮರೆತಳು.

ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ಮಗ ಬಂದು ಇಷ್ಟು ದಿನವಾದರೂ ಅಲ್ಲಿ ಊಟಕ್ಕೆ ಏನಿತ್ತು, ಜ್ವರ ಬಂತೇ ಎಂಬುದನ್ನು ಬಿಟ್ಟು ತಾನು ಬೇರೇನೂ ಕೇಳಿರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು.

"ಆಕಿ ಹೆಸರೇನೋ?"

"ವಾಂಜಿರು."

"ವಾಂಜಿರವ್ವ," ಎಂದು ಅವಳು ತನ್ನ ನಾಲಿಗೆಗೆ ಹೊಂದಿಸಿಕೊಂಡಳು. "ಮಕ್ಕಳು ಮರಿ?"

ಇಬ್ಬರು ಗಂಡುಮಕ್ಕಳು, ಗಂಡ ಇಲ್ಲ, ಪೇಟೆಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಬಿಚ್ಚಿಕೊಂಡಿತು. ಅವಳ ಕೋಳಿಗಳು ಗಂಟೆಯ ಸದ್ದಿಗೆ ಓಡುತ್ತಿದ್ದ ಬಗೆಯನ್ನು ಹೇಳುವಾಗ ತಾನೇ ನಕ್ಕ. ಗುರುಬಸವ್ವ ಸೆರಗು ಸರಿಮಾಡಿಕೊಂಡು, ಪುರಾಣ ಕೇಳುವವಳ ಹಾಗೆ ಅವನ ಕಡೆಗೆ ತಿರುಗಿ ಕೂತಳು.

"ಆತು. ಆಕಿ ಮನಿ ಆದ ಮ್ಯಾಲ ಯಾರ ಮನಿ?"