ಎಲ್ಲರಿಗೂ ಒಂದೇ ದನಿ

"ಕೈಮೇಲೆ ಗಿಡುಗ ಕೂತಿತ್ತು, ಕಾಲಡಿಯಲ್ಲಿ ಬೂದುಗುದುರೆ ಹಾರಿತ್ತು..." ಎಂದು ಕಾಲಿಪಾ ಎರಡನೇ ಸಾಲಿಗೆ ದನಿ ಏರಿಸಿದ್ದಳು. ಅಷ್ಟರಲ್ಲಿ ಬುಬುಸಾರಾ ಅವಳ ತೋಳು ಹಿಡಿದು ಎಳೆದಳು.

"ಅತ್ತಿಗೆ, ನಿಲ್ಲಿಸಿ."

ಉಣ್ಣೆಗುಡಾರದೊಳಗೆ ಗೋಡೆಗೆ ಮುಖಮಾಡಿ ಅಳುತ್ತಿದ್ದ ಹೆಂಗಸರು ಒಂದು ಕ್ಷಣ ತಡವರಿಸಿದರು. ಸತ್ತವನ ಅಕ್ಕ ಹಾಡುತ್ತಿರುವಾಗ ಸತ್ತವನ ಹೆಂಡತಿಯೇ ಬಾಯಿ ಹಾಕಿದ್ದನ್ನು ಕಿರ್ಗಿಜ್ ನಾಡಿನ ಆಟ್‌ಬಾಶಿ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಪರದೆಯ ಆಚೆ ಎಸೆನ್‌ಕುಲ್ ಮಲಗಿದ್ದ. ಹೊರಗೆ ಮಗ ಉಲಾನ್ ನಡು ಬಿಗಿದುಕೊಂಡು, ಕೋಲೂರಿ ನಿಂತು, ಹೊಸಬರು ಬಂದಾಗಲೆಲ್ಲ "ಅಯ್ಯೋ ನನ್ನಪ್ಪಾ" ಎಂದು ಗೋಳಿಡುತ್ತಿದ್ದ.

"ಏನಾಯ್ತೇ ನಿಂಗೆ?" ಕಾಲಿಪಾ ಪಿಸುದನಿಯಲ್ಲಿ ಗದರಿದಳು.

"ಅವರು ಗಿಡುಗ ಸಾಕಿದ್ದು ಯಾವಾಗ? ಕುದುರೆ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ರು."

"ಕೊಶೋಕ್ ಅಂದ್ರೆ ಹಾಗೇ ಕಣೇ. ನಮ್ಮಜ್ಜನಿಗೂ ಇದನ್ನೇ ಹಾಡಿದ್ರು, ಅಪ್ಪನಿಗೂ ಇದನ್ನೇ ಹಾಡಿದ್ರು."

"ಅವರಿಬ್ಬರ ಹತ್ರ ಕುದುರೆ ಇತ್ತು."

ಕಾಲಿಪಾ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಅವಳೇ. ತಲಾಸ್‌ನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದಳು. "ಮತ್ತೇನು ಹಾಡ್ಲಿ? ಕ್ಯಾಸೆಟ್ ಬಾಡಿಗೆಗೆ ಕೊಡ್ತಿದ್ದ, ಆಮೇಲೆ ಅದನ್ನೂ ಯಾರೂ ಕೇಳ್ಲಿಲ್ಲ ಅಂತಲಾ? ಅಂಗಡಿ ಕೂತುಹೋದಾಗ ಊರೆಲ್ಲ ನಕ್ಕಿತು, ಬುಬು. ಇವತ್ತೊಂದಿನ ನನ್ನ ತಮ್ಮನ್ನ ನೋಡಿ ಯಾರೂ ನಗಬಾರದು."

"ನಿಮ್ಮ ಹಾಡಲ್ಲಿರೋನು ಯಾರೋ ನನಗೆ ಗೊತ್ತಿಲ್ಲ ಅತ್ತಿಗೆ. ಯಾರನ್ನ ಮಣ್ಣಿಗೆ ಕಳಿಸ್ತಿದ್ದೀರಿ?"

"ಹಾಗಾದ್ರೆ ನೀನೇ ಹಾಡು," ಎಂದಳು ಕಾಲಿಪಾ. "ಮಧ್ಯಾಹ್ನದ ನಮಾಜಾದ ಮೇಲೆ ಎತ್ತೋಕೆ ಬರ್ತಾರೆ. ಅಷ್ಟರೊಳಗೆ ನೀನು ಬಾಯಿ ಬಿಡದಿದ್ರೆ ನನ್ನ ತಮ್ಮ ಕುದುರೆ ಮೇಲೇ ಹೋಗ್ತಾನೆ."

ನಮ್ಮಲ್ಲಿ ಗಂಡಸು ಮಣ್ಣಿಗೆ ಹೋಗುವ ಮುನ್ನ ಅವನು ಯಾರಾಗಿದ್ದ ಎಂದು ಹೆಂಗಸರು ಹಾಡಿಕೊಂಡು ಅಳಬೇಕು. ಅದೇ ಕೊಶೋಕ್. ಅದರಲ್ಲಿ ಬಂದ ಮಾತೇ ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು. ಬುಬುಸಾರಾಳ ತಾಯಿ ನಾರಿನ್ ಪಟ್ಟಣದಲ್ಲಿ ರಷ್ಯನ್ ಕಲಿಸುವ ಟೀಚರು. ಹಾಡಿಕೊಂಡು ಅಳುವುದು ಹಳ್ಳಿಗರ ಕೆಲಸ ಎಂದು ಮಗಳಿಗೆ ಒಂದು ಸಾಲೂ ಕಲಿಸಿರಲಿಲ್ಲ. ಈಗ ಅವಳು ಗೋಡೆಯ ಕಂಬಳಿ ನೋಡುತ್ತಾ ಕೂತಳು. ಬಾಯಲ್ಲಿ ರಾಗವೂ ಇಲ್ಲ, ಪದವೂ ಇಲ್ಲ.

*

ಸೋವಿಯತ್ ಹೋಗಿ, ಸಂಬಳವೂ ಹೋಗಿದ್ದ ಚಳಿಗಾಲ ಅದು. ಹಿಟ್ಟು ತರಲು ಬಿಷ್ಕೆಕ್‌ಗೆ ಹೋದ ಎಸೆನ್‌ಕುಲ್, ಗೆಳೆಯ ಮಾಮಿತ್‌ನ ಲಾರಿಯಿಂದ ಕಂಕುಳಲ್ಲಿ ಒಂದು ವಿಸಿಆರ್ ಅವುಚಿಕೊಂಡು ಇಳಿದ. ಹಿಟ್ಟಿನ ಮೂಟೆಯನ್ನು ದಾರಿಯಲ್ಲೇ ಕೊಟ್ಟು ಇದನ್ನು ತಂದಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂಥ ಈ ಕೆಲಸಕ್ಕೆ ಅವನ ತಾಯಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಅವಳೇ ಟೀವಿಯ ಮುಂದೆ ಮೊದಲು ಬಂದು ಕೂತಳು.

ಆ ಕಾಲದ ಕ್ಯಾಸೆಟ್‌ಗಳಲ್ಲಿ ಅಮೆರಿಕದವರು ಏನು ಮಾತಾಡಿದರೂ ಮೂಗು ಕಟ್ಟಿದಂಥ ಒಬ್ಬನೇ ಗಂಡಸು ರಷ್ಯನ್‌ನಲ್ಲಿ ಹೇಳಿಕೊಂಡು ಹೋಗುತ್ತಿದ್ದ. ತಾಯಿಗೆ ರಷ್ಯನ್ ಬಾರದು. "ಏನಂತೆ? ಈಗೇನಂತೆ?" ಎಂದು ಮಗನ ಪಕ್ಕೆ ತಿವಿದಳು. ಎಸೆನ್‌ಕುಲ್ ಕಿರ್ಗಿಜ್‌ನಲ್ಲಿ ಹೇಳತೊಡಗಿದ. ಕೋಣೆಯಲ್ಲಿದ್ದ ನೆರೆಯ ಮುದುಕಿಯರೆಲ್ಲ ಮುಂದೆ ಸರಿದರು.

ವಾರದೊಳಗೆ ಅವನು ಮುಚ್ಚಿಹೋದ ಕ್ಲಬ್ಬಿನ ಮೈಕು ಬೇಡಿ ತಂದ. ಇನ್ನೊಂದು ವಿಸಿಆರ್ ಹೊಂದಿಸಿದ. ಬೆಳಿಗ್ಗೆ ಹಸು ಕರೆಯುವ ಹೊತ್ತಿಗೆ ಉಗ್ರಾಣದಲ್ಲಿ ಕಂಬಳಿ ಹೊದ್ದು ಕೂತು ತನ್ನ ದನಿಯನ್ನು ಕ್ಯಾಸೆಟ್ಟಿಗೆ ತುಂಬುತ್ತಿದ್ದ. ಕಳ್ಳನಿಗೂ, ಪೊಲೀಸನಿಗೂ, ಮದುಮಗಳಿಗೂ ಅದೇ ದನಿ. ಏರಿಳಿತವಿಲ್ಲ, ನಟನೆಯಿಲ್ಲ. ಯಾರ ಮಾತು ಎಂದು ತಾಯಿಗೆ ಗೊಂದಲವಾಗಬಾರದೆಂದು "ಹುಡುಗ ಅಂತಾನೆ, ಹುಡುಗಿ ಅಂತಾಳೆ" ಎಂದು ಮೊದಲೇ ಹೇಳಿಬಿಡುತ್ತಿದ್ದ. ಮನೆಯ ಮುಂದಿನ ಕೋಣೆಗೆ ಬೀದಿಯ ಕಡೆ ಬಾಗಿಲು ಒಡೆದು ಅಂಗಡಿ ಮಾಡಿದ. ಹಣವಿಲ್ಲದವರು ಮೊಟ್ಟೆ ಕೊಟ್ಟರು, ಒಣಮೊಸರಿನ ಕುರುತ್ ಉಂಡೆ ಕೊಟ್ಟರು. ಏನೂ ಇಲ್ಲದವರು ಸುಮ್ಮನೆ ಕ್ಯಾಸೆಟ್ ಒಯ್ದರು. ಬೆಟ್ಟದಾಚೆಯ ಕುರಿಗಾಹಿಗಳು ಲಾರಿಯ ಬ್ಯಾಟರಿಗೆ ಟೀವಿ ಸಿಕ್ಕಿಸಿ ನೋಡುತ್ತಿದ್ದರು. ಜಗತ್ತು ಹೇಗಿದೆ ಎಂದು ನಮ್ಮೂರಿಗೆ ತಿಳಿಸಿದವನು ಅವನು. ಇದನ್ನು ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ.

*

ಬಂದವರ ಒಂದು ಗುಂಪು ಅತ್ತು ಮುಗಿಸಿದ ಮೇಲೆ ಗುಡಾರದೊಳಗೆ ಚಹಾ, ಹಿಟ್ಟು ಕರಿದು ಮಾಡಿದ ಬೋರ್ಸೊಕ್ ಬಂದವು. ಹೊರಗೆ ಹೆಗ್ಗಡಾಯಿಯಲ್ಲಿ ಕುದುರೆಮಾಂಸ ಬೇಯುತ್ತಿತ್ತು. ಅಲ್ಲಿ ಸೌದೆ ನೂಕುತ್ತಿದ್ದವನು ನೆರೆಮನೆಯ ಉಪೆಲ್ ಅಜ್ಜಿಯ ಮಗ. ಗಂಡಸರ ನಡುವೆ ಮಾಮಿತ್‌ನ ಗಟ್ಟಿ ದನಿ ಕಂಬಳಿಯ ಗೋಡೆ ದಾಟಿ ಬಂತು.

"ಗೂಂಡಾ ಪಿಸ್ತೂಲು ತೆಗೀತಾನೆ, ಎಲ್ಲಾ ಉಸಿರು ಬಿಗಿ ಹಿಡಿದು ಕೂತಿದ್ದೀವಿ. ಅಷ್ಟರಲ್ಲಿ ಒಂದು ಹೆಂಗಸಿನ ದನಿ, 'ರೀ, ಚಹಾ ಆರಿಹೋಗ್ತಿದೆ.' ಗೂಂಡಾ ಅಂತಾನೆ, 'ಬಂದೆ ಕಣೇ!' ಎರಡು ವರ್ಷ ಆ ಗೂಂಡಾಗೆ ಮದುವೆ ಆಗಿದೆ ಅಂತಲೇ ತಿಳಿದಿದ್ದೆ ನಾನು!"

ಗಂಡಸರು ನಕ್ಕು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು. ಕಾಲಿಪಾ ಬುಬುಸಾರಾಳ ಕಡೆ ತಿರುಗಿ, "ಕೇಳ್ದೆಯಾ? ನಗು ಶುರುವಾಯ್ತು," ಎಂದಳು.

ಉಪೆಲ್ ಅಜ್ಜಿ ಬೋರ್ಸೊಕ್ ಚಹಾದಲ್ಲಿ ಅದ್ದುತ್ತಾ, "ನನಗೆ ಆ ಮೀನುಗಾರನ ಸಿನಿಮಾ ಇಷ್ಟ," ಎಂದಳು. "ಯುದ್ಧಕ್ಕೆ ಹೋದ ಮಗ ವಸಂತಕ್ಕೆ ವಾಪಸ್ ಬರ್ತಾನಲ್ಲ, ಅದು."

"ಬರೋದೆಲ್ಲಿ ಅತ್ತೆ?" ಎಂದಳು ಅವಳ ಸೊಸೆ, ಫೋನಿನಲ್ಲಿ ಎಲ್ಲ ನೋಡುವವಳು. "ನಾನು ಮೊನ್ನೆ ನೋಡ್ದೆ. ಮಗ ಸತ್ತುಹೋಗ್ತಾನೆ. ಎಸೆನ್‌ಕುಲ್ ಮಾಮ ತಪ್ಪು ಹೇಳಿದ್ದಾರೆ."

ಬುಬುಸಾರಾಳ ಕೈಯ ಬಟ್ಟಲು ಹಾಗೇ ನಿಂತಿತು. ಇಷ್ಟು ವರ್ಷ ಇದನ್ನು ಅವಳು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

*

ಆ ಬೆಳಿಗ್ಗೆ ಅವಳು ಹಾಲಿನ ಪಾತ್ರೆ ಹಿಡಿದು ಉಗ್ರಾಣದ ಬಾಗಿಲಲ್ಲಿ ನಿಂತಿದ್ದಳು. ಟೀವಿಯಲ್ಲಿ ಸೈನಿಕನೊಬ್ಬ ಟೋಪಿ ತೆಗೆದು ನಿಂತಿದ್ದ. ಅವನೆದುರು ಒಬ್ಬ ತಾಯಿ ಮರಳಿನ ಮೇಲೆ ಬಿದ್ದು ಹೊರಳುತ್ತಿದ್ದಳು. ಕಂಬಳಿಯೊಳಗಿಂದ ಎಸೆನ್‌ಕುಲ್ ಎಂದಿನ ದನಿಯಲ್ಲೇ ಹೇಳಿದ: "ಸೈನಿಕ ಅಂತಾನೆ, ನಿಮ್ಮ ಮಗ ಚೆನ್ನಾಗಿದ್ದಾನೆ, ವಸಂತಕ್ಕೆ ಬರ್ತಾನೆ. ತಾಯಿ ಸಂತೋಷಕ್ಕೆ ಅಳ್ತಾಳೆ."

"ಇದೇನ್ರೀ ಹೀಗೆ ಹೇಳ್ತೀರಿ?"

ಅವನು ಮೈಕು ಆರಿಸಿ ತಲೆ ಹೊರಗೆ ಹಾಕಿದ. "ಸಂಜೆಗೆ ಇದನ್ನ ಒಯ್ಯೋಕೆ ಉಪೆಲ್ ಅಕ್ಕ ಬರ್ತಾಳೆ. ಅವಳ ಮಗ ಸೈನ್ಯದಲ್ಲಿ ತಾಜಿಕ್ ಗಡಿ ಕಾಯೋಕೆ ಹೋಗಿ ಎಷ್ಟು ದಿನ ಆಯ್ತು? ಒಂದು ಸುದ್ದಿ ಇಲ್ಲ. ನನ್ನ ಬಾಯಿಂದ ಆ ಮಾತು ಹೇಗೆ ಹೇಳ್ಲಿ?"

"ಗೊತ್ತಾದ್ರೆ?"

"ಗೊತ್ತಾದಾಗ ಬೈಸ್ಕೊಳ್ತೀನಿ ಬಿಡು."

ಅವನನ್ನು ಅವಳು ಮೆಚ್ಚಿದ್ದು ಮದುವೆಯ ದಿನವಲ್ಲ, ಆ ಬೆಳಿಗ್ಗೆ. ಆಮೇಲೆ ಡಿಸ್ಕುಗಳು ಬಂದವು, ಪಾತ್ರಕ್ಕೊಂದು ದನಿ ಕೊಡುವ ಪಟ್ಟಣದ ಗುಂಪುಗಳು ಬಂದವು, ಫೋನುಗಳು ಬಂದವು. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಎಸೆನ್‌ಕುಲ್ ಮಾತ್ರ ಬೆಳಿಗ್ಗೆ ಬಾಗಿಲು ತೆಗೆಯುವುದನ್ನು ಬಿಡಲಿಲ್ಲ. ಫೋನಿಗೆ ಸಿನಿಮಾ ಇಳಿಸುವುದು ಹೇಗೆಂದು ಕೇಳಿ ಬಂದವರಿಗೆ ಅದನ್ನೂ ತೋರಿಸಿಕೊಟ್ಟ. ತನ್ನ ಅಂಗಡಿಗೆ ತಾನೇ ಗುಂಡಿ ತೋಡಿಕೊಂಡ ಎಂದು ಊರವರು ಆಡಿಕೊಂಡರು. ನೆಂಟನೊಬ್ಬ ಕ್ಯಾಸೆಟ್‌ಗಳ ರೀಲು ಬಿಚ್ಚಿ ಕಾಗೆ ಓಡಿಸಲು ಬಾರ್ಲಿ ಹೊಲಕ್ಕೆ ಕಟ್ಟಿದಾಗ ಎಸೆನ್‌ಕುಲ್, "ಹೊಳೀತಿದೆ ನೋಡು, ಚೆನ್ನಾಗಿದೆ," ಎಂದ. ಅಂದು ರಾತ್ರಿ ಅವನು ಊಟ ಮಾಡಲಿಲ್ಲ.

*

"ತಪ್ಪು ಹೇಳಿದ್ದಾನಂತೆ!" ಉಪೆಲ್ ಅಜ್ಜಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಮಗ ಬರ್ತಾನೆ ಅಂದ್ರೆ ಯಾವ ತಾಯಾದ್ರೂ ಹಾಗೆ ಹೊರಳ್ತಾಳೇನೇ? ಯಾವ ಅಳು ಎಂಥದ್ದು ಅಂತ ನನಗೆ ಗೊತ್ತಿರ್ಲಿಲ್ವಾ?"

ಬುಬುಸಾರಾ ತಲೆಯೆತ್ತಿದಳು. "ನಿಮಗೆ ಗೊತ್ತಿತ್ತಾ?"

"ಮೊದಲನೇ ಸಲ ನೋಡಿದಾಗಲೇ ಗೊತ್ತಾಯ್ತು. ಆದ್ರೆ ಎಷ್ಟು ನೆಟ್ಟಗೆ ಹೇಳಿದ್ದ ಅಂತೀಯ! ಒಂದು ಚೂರು ದನಿ ನಡುಗಿಸ್ಲಿಲ್ಲ. ಇವನು ಇಷ್ಟು ಕಷ್ಟಪಟ್ಟು ಹೇಳ್ತಿದ್ದಾನೆ, ನಂಬಿದ್ರೆ ನನ್ನ ಗಂಟೇನು ಹೋಗುತ್ತೆ ಅಂದ್ಕೊಂಡೆ. ಆ ಚಳಿಗಾಲ ಪೂರ್ತಿ ನಂಬಿದೆ. ಮಗ ಬರೋವರೆಗೂ ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ದನಿ ಕಣಮ್ಮ." ಅಜ್ಜಿ ಪರದೆಯ ಕಡೆ ಗದ್ದ ಎತ್ತಿ ತೋರಿಸಿ, ಅಳದೆ ಕೂತಳು. "ಗಿಡುಗ ಹಿಡಿಯೋರು ನಮ್ಮಲ್ಲಿ ಬೇಕಾದಷ್ಟಿದ್ರು."

ಹೊರಗೆ ನಮಾಜು ಮುಗಿದು, ಒಣಮಣ್ಣಿನ ಮೇಲೆ ಬೂಟುಗಳ ಸದ್ದು ಹತ್ತಿರವಾಯಿತು. ಹೆಂಗಸರು ಅವಸರದಿಂದ ಬಟ್ಟಲು ಕೆಳಗಿಟ್ಟು ಗೋಡೆಗೆ ತಿರುಗಿದರು. ಕಾಲಿಪಾ ಗಂಟಲು ಸರಿಮಾಡಿಕೊಂಡು, ಉಸಿರೆಳೆದು, ಬುಬುಸಾರಾಳ ಕಡೆ ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಹೊತ್ತಾಯಿತು ಎಂಬುದಷ್ಟೇ ಇತ್ತು.

ಬುಬುಸಾರಾ ಬಾಯಿ ತೆರೆದಳು. ರಾಗ ಬರಲಿಲ್ಲ. ರಾಗ ಬರುವವರೆಗೆ ಕಾಯುವ ಹೊತ್ತೂ ಅದಲ್ಲ. ಅವಳು ಕಂಬಳಿಯ ಗೋಡೆಗೆ ಸುಮ್ಮನೆ ಹೇಳತೊಡಗಿದಳು, ಏರಿಳಿತವಿಲ್ಲದೆ, ಎಲ್ಲರಿಗೂ ಒಂದೇ ದನಿಯಲ್ಲಿ:

"ಚಳಿಗಾಲ. ಹಿಮ. ಲಾರಿಯಿಂದ ಒಬ್ಬ ಗಂಡಸು ಇಳೀತಾನೆ, ಕಂಕುಳಲ್ಲಿ ಪೆಟ್ಟಿಗೆ. ಹೆಂಡತಿ ಅಂತಾಳೆ, ಹಿಟ್ಟು ಎಲ್ರೀ? ಗಂಡ ಅಂತಾನೆ, ಹಿಟ್ಟು ತಿಂದ್ರೆ ಮುಗಿದುಹೋಗುತ್ತೆ. ಹೆಂಡತಿ ಅಂತಾಳೆ, ನಿಮಗೆ ತಲೆ ಕೆಟ್ಟಿದೆ. ಗಂಡ ಅಂತಾನೆ, ನೀನು ಕೂತ್ಕೋ, ನಿನಗೆ ಸಮುದ್ರ ತೋರಿಸ್ತೀನಿ. ಹೆಂಡತಿ ಕೂತ್ಕೊಳ್ತಾಳೆ. ಅವಳು ಸಮುದ್ರ ನೋಡಿಲ್ಲ. ಅವನೂ ನೋಡಿಲ್ಲ..."

ಅಳು ನಿಂತಿತು. ಯಾರೋ ಬಿಕ್ಕಿದವಳು ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು. ಹೆಣ ಎತ್ತಲು ಬಂದವರಲ್ಲಿ ಮುಂದಿದ್ದ ಮಾಮಿತ್ ಬಾಗಿಲ ಕಂಬಳಿ ಎತ್ತಿ ಹಿಡಿದವನು, ಒಂದು ಕಾಲು ಒಳಗೆ ಒಂದು ಕಾಲು ಹೊರಗಿಟ್ಟು ಹಾಗೇ ನಿಂತ. ಅವನ ಹಿಂದಿದ್ದ ಮುಲ್ಲಾ ಕತ್ತು ಚಾಚಿ ಒಳಗೆ ಇಣುಕಿದ.

"ಹೆಂಡತಿ ಅಂತಾಳೆ, ನೀರು ಇಷ್ಟೊಂದು ಇರುತ್ತಾ? ಗಂಡ ಅಂತಾನೆ, ಇರುತ್ತೆ. ಹೆಂಡತಿ ಅಂತಾಳೆ, ನಿಮಗೆ ಹೇಗೆ ಗೊತ್ತು?..."

ಗೋಡೆಗೆ ಮುಖಮಾಡಿ ಕೂತಿರಬೇಕಾದ ಹೆಂಗಸರು ಒಬ್ಬೊಬ್ಬರಾಗಿ ತಿರುಗಿದರು. ಮೊದಲು ಉಪೆಲ್ ಅಜ್ಜಿ, ಆಮೇಲೆ ಅವಳ ಸೊಸೆ, ಆಮೇಲೆ ಎಲ್ಲರೂ. ಮಂಡಿ ಮಡಚಿಕೊಂಡು, ಮುಂದೆ ಸರಿದು, ಕಣ್ಣು ನೆಟ್ಟು ಕೂತರು. ನೋಡಲು ಅಲ್ಲಿ ಬುಬುಸಾರಾಳ ಕರಿಬಟ್ಟೆಯ ಬೆನ್ನೊಂದೇ ಇತ್ತು.

ಉಪೆಲ್ ಅಜ್ಜಿ ಮುಂದಿದ್ದ ಕಾಲಿಪಾಳ ಭುಜ ತಟ್ಟಿದಳು. "ಸ್ವಲ್ಪ ತಲೆ ಸರಿಸಮ್ಮಾ, ಕಾಣ್ತಿಲ್ಲ."

ಕಾಲಿಪಾ ಪಕ್ಕಕ್ಕೆ ಸರಿದು ಕೂತಳು.