ಬಾರದ ಕೆಲಸದ ದಿನ

ಲೆಕ್ಕದ ಮೇಷ್ಟರಿಗೆ ಆ ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಜೇಬಿನಲ್ಲಿ ಸೂಜಿ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ತಡಕಿ ಬೆರಳಿಗೇ ಚುಚ್ಚಿಸಿಕೊಂಡರು.

"ಅಣ್ಣಾ, ಮದುವೆ ಗಂಡಿನ ಹಾಗೆ ಒದ್ದಾಡಬೇಡ," ಎಂದು ತಂಗಿ ಹೊಲಿಗೆ ಯಂತ್ರದ ಹಿಂದಿನಿಂದ ನಕ್ಕಳು. "ತಿಂಗಳಿಂದ ನನ್ನ ಅಂಗಡೀಲಿ ಕೂತು ಅಂಗಿ ಗುಂಡಿಗೆ ಕಾಜಾ ಹೊಲಿದಿದ್ದೀಯ. ಈಗ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ. ಆದ್ರೆ ಇದು ಮೋಸ ಅಲ್ವಾ?"

"ಮೋಸ ಯಾಕೆ? ತಯಾರಿ."

"ಶಾಲೇಲಿ ಬಾರದ್ದು ಮಾಡು ಅಂದ್ರೆ ಬರೋದನ್ನ ಮಾಡೋಕೆ ಹೊರಟಿದ್ದೀಯ. ಬಿದ್ದರೆ ಯಾರು ನೋಡಿಬಿಡ್ತಾರೋ ಅನ್ನೋ ಚಿಂತೆ ನಿನಗೆ, ಚಿಕ್ಕಂದಿನಿಂದಲೂ."

ಮೇಷ್ಟರು ಪಾಠ ಹೇಳುವ ಹುಡುಗರ ಶಾಲೆಯಲ್ಲಿ ಈ ಪದ್ಧತಿ ಹಳೆಯದು. ಶಾಲೆ ಶುರುಮಾಡಿದ ಪಾದ್ರಿಗೆ ಓದು ಬರಹ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಸೋರುವ ಗಾಡಿಕೊಟ್ಟಿಗೆಯಲ್ಲಿ ಪಾಠ ನಡೆಯುತ್ತಿತ್ತು. ಗೋಡೆ ಎಬ್ಬಿಸಬೇಕಾಗಿ ಬಂದಾಗ ಇಟ್ಟಿಗೆ ಇಡುವುದನ್ನು ಪಾದ್ರಿಗೆ ಹೇಳಿಕೊಟ್ಟವನು ಗಾರೆಯವನ ಮಗ, ಅವರ ಮೊದಲ ವಿದ್ಯಾರ್ಥಿ. ಪಾದ್ರಿ ಕಟ್ಟಿದ ಗೋಡೆ ನಡುವೆ ಉಬ್ಬಿಕೊಂಡಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವರ ಹತ್ತಿರ ಏನು ಕೇಳಲೂ ಯಾರಿಗೂ ಅಂಜಿಕೆ ಉಳಿಯಲಿಲ್ಲ. ದೇವರು ಮನುಷ್ಯನಿಗೆ ತಲೆಯೊಂದನ್ನೇ ಕೊಟ್ಟು ಕಳಿಸಿಲ್ಲ ಎನ್ನುತ್ತಿದ್ದರಂತೆ ಪಾದ್ರಿ. ಹಾಗಾಗಿ ಲೆಕ್ಕದಲ್ಲಿ ಚುರುಕಾದವನು ತೋಟ ಅಗೆಯಬೇಕು, ಚೆಂಡಾಟದವನು ಪ್ರಾರ್ಥನೆಯಲ್ಲಿ ಹಾಡಬೇಕು. ವರ್ಷಕ್ಕೊಂದು ದಿನ ಮೇಷ್ಟರುಗಳೂ ತಮಗೆ ಬಾರದ ಕೆಲಸವನ್ನು ಹುಡುಗರೆದುರು ಮಾಡಬೇಕು, ಆ ಹೊಟ್ಟೆಗೋಡೆಯ ಮುಂದೆಯೇ.

ಲೆಕ್ಕದ ಮೇಷ್ಟರಿಗೆ ಇದು ಮೊದಲ ವರ್ಷ. ಹೋದ ವಾರವಷ್ಟೇ ಹೆಡ್‌ಮಾಸ್ಟರ್ ಫಾದರ್ ಕರೆದು ಹೇಳಿದ್ದರು: "ನಿಮ್ಮ ಕ್ಲಾಸಲ್ಲಿ ಅರ್ಧ ಜನ ಫೇಲು. ಆದರೂ ಅರ್ಥ ಆಗಲಿಲ್ಲ ಅಂತ ಒಬ್ಬನೂ ಬಾಯಿ ಬಿಡಲ್ಲ. ಹುಡುಗರು ಹೀಗೇ ಹೆದರಿಕೊಂಡಿದ್ದರೆ ನಿಮ್ಮನ್ನ ಕಾಯಂ ಮಾಡೋದು ನನ್ನ ಕೈಲಾಗಲ್ಲ."

ಅಂಗಳದಲ್ಲಿ ಡ್ರಿಲ್ ಮೇಷ್ಟರು ಮೊದಲು ಹಾಡಿದರು. ಮೇಕೆಯೂ ಮುಖ ತಿರುಗಿಸಬೇಕು, ಹಾಗಿತ್ತು. ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಲೆಕ್ಕದ ಮೇಷ್ಟರು ಸೂಜಿ ಹಿಡಿದರು. ಒಂದೊಂದು ಹೊಲಿಗೆಯೂ ಅಳೆದಿಟ್ಟ ಹಾಗೆ ಬಿತ್ತು. ಕಾಜಾ ಮುಗಿಸಿ ತಲೆಯೆತ್ತಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಫಾದರ್ ಬಟ್ಟೆಯನ್ನು ಮಗುಚಿ ನೋಡಿದರು.

"ಇದು ನಿಮಗೆ ಮೊದಲೇ ಬರುತ್ತೆ."

ಗೇಟು ಎಷ್ಟು ದೂರವಿದೆ ಎಂದು ಮೇಷ್ಟರ ಕಣ್ಣು ತಾನಾಗಿ ಹುಡುಕಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಬುಗುರಿ ಬರುತ್ತಾ ಸಾರ್?"

ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸೋಲುವ ಭಯಕ್ಕೆ ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಬುಗುರಿ ತಂದು ಕೊಟ್ಟವನು ಅವರ ಕ್ಲಾಸಿನ ಗೊಂಬೆ. ಬಾಯಿ ತೆರೆಯದವನೆಂದು ಹುಡುಗರು ಇಟ್ಟ ಹೆಸರು. ಮೇಷ್ಟರು ದಾರ ಸುತ್ತಿ ಬೀಸಿದರು. ಬುಗುರಿ ನೆಗೆದು ಫಾದರ್ ನಿಲುವಂಗಿಗೆ ಬಡಿಯಿತು. ಅಂಗಳಕ್ಕೆ ಅಂಗಳವೇ ನಕ್ಕಿತು.

"ಹಾಗಲ್ಲ ಸಾರ್," ಅಂದ ಗೊಂಬೆ, ಪಿಸುಮಾತಿನಲ್ಲಿ. "ದಾರ ಸಡಿಲ ಆಯ್ತು."

ಇನ್ನೊಮ್ಮೆ ಬೀಸಿದರು. ಸತ್ತ ಕಪ್ಪೆಯ ಹಾಗೆ ಬಿತ್ತು. ಮೇಷ್ಟರು ಬೆವರು ಒರೆಸಿಕೊಂಡು ದಾರವನ್ನು ಅವನ ಕೈಗಿಟ್ಟರು.

"ಮತ್ತೆ ತೋರಿಸಪ್ಪಾ. ನನಗೆ ಅರ್ಥ ಆಗಲಿಲ್ಲ."

ಹುಡುಗ ಅವರನ್ನೇ ಮಿಕಿಮಿಕಿ ನೋಡಿದ. ಆಮೇಲೆ ದಾರವನ್ನು ನಿಧಾನವಾಗಿ, ಕಾಣುವ ಹಾಗೆ ಸುತ್ತತೊಡಗಿದ. ಅರ್ಧ ಸುತ್ತಿ ನಿಲ್ಲಿಸಿದ.

"ಸಾರ್... ಆ ಭಿನ್ನರಾಶಿ. ನನಗೂ ಹಾಗೇ."

ಮೇಷ್ಟರು ಇಸ್ತ್ರಿಯ ಪ್ಯಾಂಟಿನಲ್ಲೇ ನೆಲಕ್ಕೆ ಕುಕ್ಕರಿಸಿದರು. ಬುಗುರಿಯ ಮೊಳೆಯಿಂದ ಮಣ್ಣಿನ ಮೇಲೊಂದು ಗೆರೆ ಎಳೆದರು.

"ಎಲ್ಲಿ ಸಿಕ್ಕಿಹಾಕಿಕೊಂಡೆ? ಮೇಲೋ, ಕೆಳಗೋ?"