ಮಾವ ಮೆತ್ತಿದ ಸಿಮೆಂಟು

ಬಚ್ಚಲುಮನೆಗೆ ಹೊಸ ನೆಲ ಹಾಕಿಸಿದ್ದು ಅತ್ತೆಗಾಗಿ. ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದ ಅವರದ್ದು ಒಂದೇ ಹಟ: ಮನೆಗೆ ಬಂದ ಮೇಲೆ ಸ್ನಾನ ತಾನೇ ಮಾಡಿಕೊಳ್ಳಬೇಕು, ಯಾರೂ ಹಿಡಿಯಬಾರದು. ಕಂಟ್ರಾಕ್ಟರ್ ಒಂದು ವರ್ಷದ ಗ್ಯಾರಂಟಿ ಕೊಟ್ಟಿದ್ದ. ಟೈಲ್ಸ್ ತಾನಾಗಿ ಬಿರುಕು ಬಿಟ್ಟರೆ ಅದು ಕಂಪನಿಯ ತಲೆನೋವು. ಇಳಿಜಾರು, ಸಂದು, ಸೋರಿಕೆ, ಹೀಗೆ ಕೈಕೆಲಸದ ತಪ್ಪೆಲ್ಲ ಅವನದು. ಬೇರೆಯವರು ಕೈ ಹಾಕಿದರೆ ಮಾತ್ರ ಗ್ಯಾರಂಟಿ ಇಲ್ಲ. ಇದನ್ನು ಮನೆಮಂದಿಗೆಲ್ಲ ಬಿಡಿಸಿ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನೀರು ಮೂಲೆಯಲ್ಲಿ ನಿಲ್ಲತೊಡಗಿತು. ಕಂಟ್ರಾಕ್ಟರ್‌ಗೆ ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ತೀನಕ್ಕ" ಎಂಬ ಉತ್ತರ. ಅತ್ತೆ ಬರುವ ಹಿಂದಿನ ದಿನ ಮಾವ, ಜನ್ಮದಲ್ಲಿ ಒಂದು ಮೊಳೆ ಹೊಡೆಯದ ಮಹಾನುಭಾವರು, ಆ ಮೂಲೆಗೆ ಸಿಮೆಂಟು ಮೆತ್ತಿಬಿಟ್ಟರು. ಅಲ್ಲೊಂದು ಗುಡ್ಡವೇ ಎದ್ದಿತು.

ಮರುದಿನ ಅತ್ತೆಯೂ ಬಂದರು, ಕಂಟ್ರಾಕ್ಟರೂ ಬಂದ.

"ಬೇರೆ ಕೈ ಬಿದ್ದಿದೆ. ಇನ್ನು ನನ್ನ ಜವಾಬ್ದಾರಿ ಇಲ್ಲಕ್ಕ," ಎಂದ.

ನನಗೆ ಮೈಯೆಲ್ಲ ಉರಿಯಿತು. "ನಾನು ಬಡ್ಕೊಂಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ ಮಾವ! ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?"

ಮಾವ ತಲೆ ಎತ್ತಲಿಲ್ಲ. "ನೆಲಕ್ಕೆ ಇವರ ಗ್ಯಾರಂಟಿ ಇತ್ತಮ್ಮ. ಅವಳ ಕಾಲಿಗೆ ಯಾರದ್ದಿತ್ತು?"

ಕಂಟ್ರಾಕ್ಟರ್ ಮಾವನ ಮುಖ ನೋಡಿ, ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಆಮೇಲೆ ಉಳಿ ಹಾಕಿ ಆ ಗುಡ್ಡವನ್ನು ಇಡಿಯಾಗಿ ಎಬ್ಬಿಸಿ, ಅಡಿಯಲ್ಲಿದ್ದ ಟೈಲ್ಸ್ ಮೇಲೆ ಒಂದು ಚೆಂಬು ನೀರು ಸುರಿದ. ನೀರು ಮೋರಿಯ ಜಾಲರಿಗೆ ಬೆನ್ನು ಹಾಕಿ ಗೋಡೆಯತ್ತ ಓಡಿತು.

"ಇಳಿಜಾರೇ ಉಲ್ಟಾ. ಇದು ಯಜಮಾನ್ರು ಮುಟ್ಟೋಕೆ ಮುಂಚಿನ ತಪ್ಪು, ನಂದೇ. ನಾಳೆ ನಾಳೆ ಅಂದಿದ್ದೂ ನಾನೇ. ಕಿತ್ತು ಮತ್ತೆ ಹಾಕ್ಕೊಡ್ತೀನಿ."

ಅವತ್ತೇ ಕೆಲಸ ಹಿಡಿದ. ನೆಲ ಗಟ್ಟಿಯಾದ ಮೇಲೆ ಅತ್ತೆ ಕೋಲೂರಿಕೊಂಡು ಹೋಗಿ, ಯಾರ ಕೈಯೂ ಹಿಡಿಯದೆ ಸ್ನಾನ ಮುಗಿಸಿ ಬಂದರು. ಹೊರಗೆ ಮಾವ ಟವೆಲ್ ಹಿಡಿದು ನಿಂತೇ ಇದ್ದರು. ಉಳಿದ ಕಸ ಒಯ್ಯಲು ಬಂದಿದ್ದ ಕಂಟ್ರಾಕ್ಟರ್ ಚೀಲ ಎತ್ತುತ್ತಿದ್ದ.

"ಇವರು ಮೆತ್ತಿದ್ದು ಅದರಲ್ಲಿದ್ಯಾ? ಎಸೀಬೇಡಪ್ಪ," ಎಂದರು ಅತ್ತೆ. "ಮದುವೆಯಾದಾಗಿಂದ ಇವರು ನನಗೇಂತ ಕೈಯಾರೆ ಮಾಡಿದ್ದು ಅದೊಂದೇ."

ಈಗ ಆ ಸಿಮೆಂಟಿನ ಮುದ್ದೆ ಬಚ್ಚಲ ಬಾಗಿಲಲ್ಲೇ ಇದೆ. ಯಾರೂ ಹಿಡಿಯಬಾರದು ಎಂದಿದ್ದ ಅತ್ತೆ ದಿನಾ ಅದನ್ನು ಬಾಗಿಲಿಗೆ ಅಡ್ಡ ಇಡಿಸುತ್ತಾರೆ, ಬಾಗಿಲು ಪೂರ್ತಿ ಮುಚ್ಚಿಕೊಳ್ಳದ ಹಾಗೆ. ಹೊರಗೆ ಮಾವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.